ಹೊಸಬರಿಗೆ ಯೂನಿಟ್ ಟೆಸ್ಟ್ ಹೇಗೆ ಹೇಳಿಕೊಡುತ್ತೀರಿ? ನನ್ನ ಮೊದಲ ಕ್ಲಾಸ್ ಕೈಕೊಟ್ಟಿತು

ತುಂಗಾತೀರ · ಭಾನುವಾರ ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಭಾನುವಾರ ಬೆಳಿಗ್ಗೆ 14 ಮಕ್ಕಳಿಗೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಹೆಚ್ಚಿನವರು ಡಿಗ್ರಿ ಓದುತ್ತಿದ್ದಾರೆ, ಇಬ್ಬರು ಕೆಲಸ ಹುಡುಕುತ್ತಿದ್ದಾರೆ. ಮೂರು ತಿಂಗಳಾಯಿತು. ಇಫ್, ಲೂಪ್, ಲಿಸ್ಟ್, ಫಂಕ್ಷನ್ ಇಷ್ಟು ಬರುತ್ತದೆ. ಮುಂದೆ ಕೆಲಸಕ್ಕೆ ಸೇರಿದಾಗ ಟೆಸ್ಟ್ ಅಂದರೆ ಗಾಬರಿ ಆಗಬಾರದು ಅಂತ ಕಳೆದ ವಾರ ಯೂನಿಟ್ ಟೆಸ್ಟ್ (ಒಂದು ಫಂಕ್ಷನ್ ಸರಿ ಉತ್ತರ ಕೊಡುತ್ತದಾ ಅಂತ ನೋಡುವ ಚಿಕ್ಕ ಕೋಡ್) ಶುರು ಮಾಡಿದೆ.

ಎರಡು ಸಂಖ್ಯೆ ಕೂಡಿಸುವ ಫಂಕ್ಷನ್ ಬರೆದು, 2 ಮತ್ತು 3 ಕೊಟ್ಟರೆ 5 ಬರಬೇಕು ಅಂತ ಟೆಸ್ಟ್ ತೋರಿಸಿದೆ. ಹಿಂದಿನ ಬೆಂಚಿನ ಹುಡುಗ ಕೇಳಿದ: "ಮೇಡಂ, ಎರಡೂ ಮೂರೂ ಐದು ಅಂತ ಗೊತ್ತೇ ಇದೆ. ಅದನ್ನ ಇನ್ನೊಂದು ಸಲ ಯಾಕೆ ಬರೆಯಬೇಕು?" ನನ್ನ ಹತ್ತಿರ ಒಳ್ಳೆಯ ಉತ್ತರ ಇರಲಿಲ್ಲ.

ಹೋಂವರ್ಕ್ ಇನ್ನೂ ಬೇಜಾರು ಮಾಡಿತು. ಅಧಿಕ ವರ್ಷ ಕಂಡುಹಿಡಿಯುವ ಫಂಕ್ಷನ್, ಅದಕ್ಕೆ ಟೆಸ್ಟ್. ಎಲ್ಲರದ್ದೂ ಹಸಿರು (ಟೆಸ್ಟ್ ಪಾಸ್; ಬಿದ್ದರೆ ಕೆಂಪು). ತೆರೆದು ನೋಡಿದರೆ ಒಬ್ಬ ಹುಡುಗಿಯ ಕೋಡ್ 4ರಿಂದ ಭಾಗವಾದರೆ ಸಾಕು ಅನ್ನುತ್ತಿದೆ. ಟೆಸ್ಟ್‌ನಲ್ಲಿ 1900 ಅಧಿಕ ವರ್ಷ ಅಂತಲೇ ಬರೆದಿದ್ದಾಳೆ, ಅದು ಅಲ್ಲವೇ ಅಲ್ಲ! ಕೇಳಿದರೆ, "ಪ್ರೋಗ್ರಾಂ ಓಡಿಸಿ, ಬಂದ ಉತ್ತರವನ್ನ ಟೆಸ್ಟ್‌ಗೆ ಹಾಕಿದೆ ಮೇಡಂ" ಅಂದಳು. ವಿಚಾರಿಸಿದರೆ ಮುಕ್ಕಾಲು ಕ್ಲಾಸು ಹಾಗೇ ಮಾಡಿತ್ತು.

ಎಲ್ಲಿ ತಪ್ಪಿದೆ? ಶುರುವಿನಿಂದಲೇ ಮೊದಲು ಟೆಸ್ಟ್, ಆಮೇಲೆ ಕೋಡ್ ಅಂತ ಟಿಡಿಡಿ ಹೇಳಿಕೊಡಬೇಕಿತ್ತಾ? ಅಥವಾ ಇನ್ನೂ ಆರು ತಿಂಗಳು ಬಿಡಬೇಕಿತ್ತಾ?

ಗೋಕಾಕ್ ಕರದಂಟು · 9:18

ನೀವು ಪೈಥಾನ್ ಜೊತೆಗೇ ಬರುವ ಯೂನಿಟ್‌ಟೆಸ್ಟ್ ಲೈಬ್ರರಿ ಬಳಸಿದ್ದರೆ ಅದನ್ನು ಬಿಡಿ, ಪೈಟೆಸ್ಟ್ ಅನ್ನುವ ಲೈಬ್ರರಿ ಹಾಕಿಸಿ. ಕೋಡ್‌ನಲ್ಲಿ ಕ್ಲಾಸ್, ಸೆಲ್ಫ್ ಅನ್ನುವ ಪದಗಳು ಏನೂ ಬೇಡ. ಒಂದು ಫಂಕ್ಷನ್, ಒಳಗೆ ಒಂದು ಅಸರ್ಟ್ (ಇದು ನಿಜ ಇರಬೇಕು ಅನ್ನುವ ಸಾಲು), ಮುಗಿಯಿತು.

ತುಂಗಾತೀರ · 9:21

ಯೂನಿಟ್‌ಟೆಸ್ಟನ್ನೇ ಬಳಸಿದ್ದೆ. ಕ್ಲಾಸ್ ಅಂದರೆ ಏನು ಅಂತ ಈ ಮಕ್ಕಳಿಗೆ ಇನ್ನೂ ಹೇಳಿಲ್ಲ.

ಹಳೇ ಕಂಪೈಲರ್ · 9:40

ಮೇಡಂ, ತಪ್ಪು ಕೂಡಿಸುವ ಉದಾಹರಣೆಯದು. ಯಾರೂ ತಪ್ಪದ ಕಡೆ ಟೆಸ್ಟ್ ಇಟ್ಟರೆ ಅದು ಪೂಜೆಯ ಥರ ಆಗುತ್ತದೆ, ಮಾಡಬೇಕು ಅಂತ ಮಾಡುವುದು. ಮಕ್ಕಳು ಖಂಡಿತ ತಪ್ಪುವ ಲೆಕ್ಕ ಕೊಡಿ. ಅದರ ನಿಯಮ ಅವರ ಮನೆಯದ್ದೇ ಆಗಿರಲಿ.

ನಾನು ಆಫೀಸಿಗೆ ಹೊಸದಾಗಿ ಬಂದವರಿಗೆ ಗೃಹಜ್ಯೋತಿ ಬಿಲ್ ಕೊಡುತ್ತೇನೆ. 2023ರಲ್ಲಿ ಶುರುವಾದಾಗಿನ ನಿಯಮ ತೆಗೆದುಕೊಳ್ಳಿ. ಹಿಂದಿನ ವರ್ಷದ ತಿಂಗಳ ಸರಾಸರಿ ಬಳಕೆ, ಅದರ ಮೇಲೆ 10%. ಅಷ್ಟು ಯೂನಿಟ್ ಉಚಿತ, ಆದರೆ 200 ದಾಟುವ ಹಾಗಿಲ್ಲ. ಉಚಿತದ ಮಿತಿ ಮೀರಿ 200ರ ಒಳಗೆ ಇದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು. 200 ಮೀರಿದರೆ ಪೂರ್ತಿ ಬಿಲ್.

ಪಾಠಕ್ಕೆ ಯೂನಿಟ್‌ಗೆ 5 ರೂಪಾಯಿ ಅಂತ ಇಟ್ಟುಕೊಳ್ಳಿ, ನಿಗದಿತ ಶುಲ್ಕ ಗಿಲ್ಕ ಬೇಡ. ಸರಾಸರಿ 100 ಇರುವ ಮನೆಗೆ 110 ಉಚಿತ. 110 ಬಳಸಿದರೆ ಸೊನ್ನೆ. 111ಕ್ಕೆ 5 ರೂಪಾಯಿ. 200ಕ್ಕೆ 90 ಯೂನಿಟ್‌ನ ದುಡ್ಡು, 450. 201ಕ್ಕೆ? 1005. ಒಂದೇ ಯೂನಿಟ್ ಜಾಸ್ತಿ ಆಗಿದ್ದಕ್ಕೆ 555 ರೂಪಾಯಿ ಏರಿತು. ಇದನ್ನು ಬೋರ್ಡ್ ಮೇಲೆ ಬರೆದ ಕ್ಷಣ ಇಡೀ ಕೋಣೆ ಎದ್ದು ಕೂರುತ್ತದೆ. "ಹೌದಾ ಸರ್, ನಮ್ಮ ಮನೆಗೂ ಹೀಗೇ ಬಂತು" ಅಂತ ಒಬ್ಬರಾದರೂ ಹೇಳುತ್ತಾರೆ.

ಈಗ ಕೋಡ್ ಬರೆಯಲು ಬಿಡಿ. ಹತ್ತರಲ್ಲಿ ನಾಲ್ಕು ಜನ 200ಕ್ಕೆ "ಕಡಿಮೆ" ಹಾಕುತ್ತಾರೆ, "ಕಡಿಮೆ ಅಥವಾ ಸಮ" ಹಾಕುವುದಿಲ್ಲ. ಆಗ ಕೆಂಪು ಬರುತ್ತದೆ. ಆ ಕೆಂಪು ನಿಮ್ಮ ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ.

ಸೆಮಿಕೋಲನ್ · 9:52

ನನಗೆ ಒಪ್ಪಿಗೆ ಇಲ್ಲ. ಮೂರು ತಿಂಗಳ ಮಕ್ಕಳಿಗೆ ಟೆಸ್ಟ್ ಯಾಕೆ? ಮೊದಲು ಕೋಡ್ ಬರೆಯಲು ಕಲಿಯಲಿ. ಲೂಪ್ ಬರೆಯಲು ಒದ್ದಾಡುವವರ ತಲೆ ಮೇಲೆ ಇನ್ನೊಂದು ಲೈಬ್ರರಿ, ಇನ್ನೊಂದು ಫೈಲ್, ಇನ್ನೊಂದು ಕಮಾಂಡ್ ಹೇರುತ್ತೀರಿ. ಟಿಡಿಡಿ ಅನುಭವ ಇರುವವರಿಗೆ. ಯಾವ ಫಂಕ್ಷನ್ ಬೇಕು, ಅದು ಏನು ತೆಗೆದುಕೊಂಡು ಏನು ಕೊಡಬೇಕು ಅನ್ನುವುದೇ ಗೊತ್ತಿಲ್ಲದವನು ಟೆಸ್ಟ್ ಮೊದಲು ಹೇಗೆ ಬರೆಯುತ್ತಾನೆ?

ಹಳೇ ಕಂಪೈಲರ್ · 9:58

ಅದು ಗೊತ್ತಿಲ್ಲ ಅನ್ನುವುದನ್ನು ತೋರಿಸುವುದೇ ಟೆಸ್ಟ್ ಅಲ್ವಾ?

ಸೆಮಿಕೋಲನ್ · 10:03

ತೋರಿಸಿ ಏನು ಮಾಡುತ್ತೀರಿ? ಅವನು ಕೈಕಟ್ಟಿ ಕೂರುತ್ತಾನೆ. ನಾನು ಎರಡು ಬ್ಯಾಚ್ ಕಣ್ಣಾರೆ ನೋಡಿದ್ದೇನೆ. ಖಾಲಿ ಟೆಸ್ಟ್ ಫೈಲ್ ತೆರೆದು ಅರ್ಧ ಗಂಟೆ ಸುಮ್ನೆ ಕೂತಿದ್ದರು. ಅದೇ ಮಕ್ಕಳು ಕೋಡ್ ಬರೆಯಿರಿ ಅಂದರೆ ಕೂಡಲೇ ಶುರು ಮಾಡುತ್ತಾರೆ.

ಲ್ಯಾಬ್ ರೆಕಾರ್ಡ್ · 10:15

ಇಬ್ಬರದ್ದೂ ಅರ್ಧ ಸರಿ. ನಾನು ಹನ್ನೊಂದು ವರ್ಷದಿಂದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ತೊಂದರೆ ಟೆಸ್ಟ್‌ಗಿಂತ ಮುಂಚೆಯೇ ಇದೆ.

ನಮ್ಮ ಮಕ್ಕಳು ಬರೆಯುವ ಪ್ರೋಗ್ರಾಂ ನೋಡಿ. ಮೇಲೆ ಇನ್‌ಪುಟ್ ಕೇಳುತ್ತದೆ, ಮಧ್ಯೆ ಲೆಕ್ಕ ಮಾಡುತ್ತದೆ, ಕೆಳಗೆ ಪ್ರಿಂಟ್. ಎಲ್ಲಾ ಒಂದೇ ಕಡೆ. ಫಂಕ್ಷನ್ ಬರೆದರೂ ಅದರೊಳಗೇ ಪ್ರಿಂಟ್ ಮಾಡುತ್ತಾರೆ, ರಿಟರ್ನ್ ಮಾಡುವುದಿಲ್ಲ. ಯಾಕಂದರೆ ಪರೀಕ್ಷೆಯಲ್ಲಿ ನಾವು ಕೇಳುವುದೇ "ಔಟ್‌ಪುಟ್ ತೋರಿಸು" ಅಂತ. ರೆಕಾರ್ಡ್ ಪುಸ್ತಕದಲ್ಲಿ ಎಡಗಡೆ ಔಟ್‌ಪುಟ್ ಬರೆದಿದ್ದರೆ ಅಂಕ. ಇಂಥ ಫಂಕ್ಷನ್‌ಗೆ ಟೆಸ್ಟ್ ಬರೆಯಲು ಹೋದರೆ ಅಸರ್ಟ್‌ಗೆ ಸಿಗುವುದು ನನ್ (None, ಅಂದರೆ ಏನೂ ಇಲ್ಲ). ಪರದೆ ಮೇಲೆ ಸರಿಯಾದ ಉತ್ತರ ಕಾಣುತ್ತಿದೆ, ಟೆಸ್ಟ್ ಮಾತ್ರ ಕೆಂಪು. ಮಗುವಿಗೆ ತಲೆ ಕೆಡುತ್ತದೆ.

ಅದಕ್ಕೆ ನಾನು ಮೊದಲ ದಿನ ಟೆಸ್ಟ್ ಅನ್ನುವ ಪದವನ್ನೇ ಎತ್ತುವುದಿಲ್ಲ. ಲೆಕ್ಕ ಬೇರೆ, ಮಾತುಕತೆ ಬೇರೆ ಅಂತ ಶುರು ಮಾಡುತ್ತೇನೆ. ಲೆಕ್ಕ ಮಾಡುವ ಫಂಕ್ಷನ್ ಯಾರನ್ನೂ ಏನೂ ಕೇಳಬಾರದು, ಏನೂ ತೋರಿಸಬಾರದು. ಕೊಟ್ಟದ್ದನ್ನು ತೆಗೆದುಕೊಂಡು ಉತ್ತರ ವಾಪಸ್ ಕೊಡಬೇಕು. ಇದೊಂದು ಎರಡು ವಾರ ರೂಢಿ ಆದರೆ ಟೆಸ್ಟ್ ತಾನಾಗಿ ಕೂರುತ್ತದೆ.

ತುಂಗಾತೀರ · 10:22

ಅಯ್ಯೋ, ಇದು ನನ್ನ ಕ್ಲಾಸಿನಲ್ಲೂ ಆಯಿತು! ಮೂರು ಜನರಿಗೆ ಹಾಗೇ ನನ್ ಬಂತು. ಅಲ್ಲೇ ರಿಟರ್ನ್ ಹಾಕಿಸಿ ಮುಂದೆ ಹೋದೆ. ಅಲ್ಲೇ ನಿಲ್ಲಬೇಕಿತ್ತು ಅಂತ ಈಗ ಅನಿಸುತ್ತಿದೆ.

ಸೆಮಿಕೋಲನ್ · 10:30

ಲ್ಯಾಬ್ ರೆಕಾರ್ಡ್ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಅದು ಟಿಡಿಡಿ ಅಲ್ಲ.

ಕುಡ್ಲ ಕೋಡರ್ · 10:44

ಖಾಲಿ ಫೈಲ್ ಮುಂದೆ ಕೂರುವ ತೊಂದರೆಗೆ ಸುಲಭದ ದಾರಿ ಇದೆ. ಶುರುವಿನಲ್ಲಿ ಟೆಸ್ಟ್ ಬರೆಯುವುದು ಮೇಷ್ಟ್ರ ಕೆಲಸ. ಐದಾರು ಟೆಸ್ಟ್ ಬರೆದು ಕೊಡಿ, ಎಲ್ಲಾ ಕೆಂಪು. ಒಂದೊಂದಾಗಿ ಹಸಿರು ಮಾಡುವುದು ಮಕ್ಕಳ ಕೆಲಸ. ಓದಲು ಕಲಿತ ಮೇಲೆ ತಾನೇ ಬರೆಯುವುದು? ಆನ್‌ಲೈನ್ ಕೋಡಿಂಗ್ ಸ್ಪರ್ಧೆಗಳಲ್ಲಿ ಅವರು ಇದನ್ನು ಆಗಲೇ ಮಾಡುತ್ತಿದ್ದಾರೆ. ಅಲ್ಲಿ ಟೆಸ್ಟ್ ಬಚ್ಚಿಟ್ಟಿರುತ್ತಾರೆ, ಇಲ್ಲಿ ಕಣ್ಣ ಮುಂದೆ ಇರುತ್ತದೆ. ಅಷ್ಟೇ ವ್ಯತ್ಯಾಸ.

ಮೂರನೇ ವಾರ ಐದು ಟೆಸ್ಟ್ ಕೊಟ್ಟು "ಆರನೆಯದ್ದು ನೀವು ಬರೆಯಿರಿ, ಪಕ್ಕದವರ ಕೋಡ್ ಮುರಿಯಬೇಕು" ಅನ್ನಿ. ಪಕ್ಕದವರ ತಪ್ಪು ಹುಡುಕಲು ಮಕ್ಕಳಿಗೆ ಎಲ್ಲಿಲ್ಲದ ಉತ್ಸಾಹ.

ಹಾಲಿನ ಡೈರಿ · 11:02

ಮಕ್ಕಳಿಗೆ ಹೇಳಲು ನನ್ನದೊಂದು ಕಥೆ ಇದೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿಯ ಹಾಲಿನ ಸಂಘಕ್ಕೆ ಬಿಲ್ ಪ್ರೋಗ್ರಾಂ ಬರೆದುಕೊಟ್ಟೆ. ದಿನಾ ಎರಡು ಹೊತ್ತಿನ ಹಾಲು, ಫ್ಯಾಟ್ ನೋಡಿ ದರ, ವಾರಕ್ಕೊಮ್ಮೆ ಬಟವಾಡೆ. ಚಿಲ್ಲರೆ ಸಿಗುವುದಿಲ್ಲ ಅಂತ ಮೊತ್ತವನ್ನು ಹತ್ತಿರದ ರೂಪಾಯಿಗೆ ತರಬೇಕಿತ್ತು. ಪೈಥಾನ್‌ನ ರೌಂಡ್ ಫಂಕ್ಷನ್ ಹಾಕಿದೆ. ಐದಾರು ಮೊತ್ತ ಕೊಟ್ಟು ನೋಡಿದೆ, ಸರಿ ಬಂತು. ಟೆಸ್ಟ್ ಗಿಸ್ಟ್ ಏನೂ ಬರೆಯಲಿಲ್ಲ.

ಎರಡು ತಿಂಗಳ ಮೇಲೆ ಒಬ್ಬರು ಅಜ್ಜಿ ಪಾಸ್‌ಬುಕ್ ಹಿಡಿದು ಬಂದರು. ಅವರದ್ದು 412 ರೂಪಾಯಿ 50 ಪೈಸೆ, ಸಿಕ್ಕಿದ್ದು 412. ಪಕ್ಕದ ಮನೆಯವರದ್ದು 413 ರೂಪಾಯಿ 50 ಪೈಸೆ, ಸಿಕ್ಕಿದ್ದು 414. "ಇಬ್ಬರದ್ದೂ ಐವತ್ತು ಪೈಸೆನೇ, ಅವರಿಗೆ ಸೇರಿಸಿ ನನಗೆ ಯಾಕೆ ಬಿಟ್ಟೆಯಪ್ಪಾ?" ಅಂದರು. ನನಗೆ ಬೆವರು ಬಂತು. ಪೈಥಾನ್ 3ರ ರೌಂಡ್ ಸರಿಯಾಗಿ ಅರ್ಧದಲ್ಲಿ ನಿಂತ ಸಂಖ್ಯೆಯನ್ನು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. 2.5 ಕೊಟ್ಟರೆ 2, 3.5 ಕೊಟ್ಟರೆ 4. ಅದು ಬೇಕೆಂದೇ ಹಾಗೆ ಮಾಡಿದ್ದು, ಭಾಷೆಯ ತಪ್ಪಲ್ಲ. ಆದರೆ ಸಂಘದ ರೂಢಿ ಅರ್ಧಕ್ಕೆ ಮೇಲೆ ಹೋಗುವುದು.

ಅವತ್ತು ರಾತ್ರಿ ಮೊದಲು ಬರೆದದ್ದು ಟೆಸ್ಟ್. 412.50 ಕೊಟ್ಟರೆ 413 ಬರಬೇಕು. ಓಡಿಸಿದೆ, ಕೆಂಪು. ಆಮೇಲೆ ದಶಮಾಂಶ ಲೆಕ್ಕವನ್ನು ನಿಖರವಾಗಿ ಮಾಡುವ ಡೆಸಿಮಲ್ ಮಾಡ್ಯೂಲ್‌ಗೆ ಬದಲಾಯಿಸಿದೆ, ಅದರಲ್ಲಿ ಅರ್ಧಕ್ಕೆ ಮೇಲೆ ಅಂತ ಹೇಳಬಹುದು. ಹಸಿರು. ಎಲ್ಲ ಸದಸ್ಯರ ಹಳೇ ಬಿಲ್ ಮತ್ತೆ ಓಡಿಸಿ ಬಾಕಿ ಕೊಡಿಸಿದೆವು. ಟಿಡಿಡಿ ಅನ್ನುವ ಹೆಸರು ನನಗೆ ಆಗ ಗೊತ್ತೇ ಇರಲಿಲ್ಲ.

ನನ್ನ ಸಲಹೆ ಇದು. ಹೊಸಬರಿಗೆ ಟೆಸ್ಟ್ ಮೊದಲು ಅನ್ನುವುದನ್ನು ಹೊಸ ಕೋಡ್ ಮೇಲೆ ಕಲಿಸಬೇಡಿ. ಒಂದು ತಪ್ಪಿರುವ ಕೋಡ್ ಕೊಡಿ. ಸರಿ ಮಾಡುವ ಮುಂಚೆ ಆ ತಪ್ಪನ್ನು ಟೆಸ್ಟ್‌ನಲ್ಲಿ ಹಿಡಿಯಲಿ. ಏನು ಬರೆಯಬೇಕು ಅಂತ ಯಾರೂ ಯೋಚಿಸುತ್ತಾ ಕೂರುವುದಿಲ್ಲ, ದೂರು ಕಣ್ಣ ಮುಂದೆಯೇ ಇರುತ್ತದೆ.

ಸೆಮಿಕೋಲನ್ · 11:10

ಹೀಗಾದರೆ ನನಗೂ ಒಪ್ಪಿಗೆ. ಇದನ್ನು ಮೂರು ತಿಂಗಳ ಮಕ್ಕಳೂ ಮಾಡಬಹುದು.

ಗೋಕಾಕ್ ಕರದಂಟು · 11:12

ಅಜ್ಜಿಗೆ ನಮಸ್ಕಾರ ರೀ.

ನಿದ್ದೆಗೆಟ್ಟವ · 11:35

ಪ್ರೋಗ್ರಾಂ ಓಡಿಸಿ ಬಂದದ್ದನ್ನು ಟೆಸ್ಟ್‌ಗೆ ಹಾಕುವುದು ತಪ್ಪು ಅಂತ ಎಲ್ಲರೂ ಅಂದುಕೊಂಡ ಹಾಗಿದೆ. ಯಾವಾಗಲೂ ಅಲ್ಲ. ಹದಿನೈದು ವರ್ಷದ ಹಳೇ ಕೋಡ್ ಕೈಗೆ ಬಂತು, ಬರೆದವರು ಯಾರೂ ಇಲ್ಲ. ಆಗ ನಾವು ಮಾಡುವುದೇ ಅದು. ಈಗ ಏನು ಕೊಡುತ್ತಿದೆಯೋ ಅದನ್ನು ಟೆಸ್ಟ್‌ನಲ್ಲಿ ಕಟ್ಟಿಹಾಕುತ್ತೇವೆ. ಆಮೇಲೆ ಕೋಡ್ ಶುಚಿ ಮಾಡುವಾಗ ಏನಾದರೂ ಬದಲಾದರೆ ಗೊತ್ತಾಗುತ್ತದೆ.

ಹಳೇ ಕಂಪೈಲರ್ · 11:41

ನಿಜ. ಆದರೆ ಆ ಟೆಸ್ಟ್ "ಇದು ಸರಿ" ಅನ್ನುವುದಿಲ್ಲ, "ಇದು ಬದಲಾಗಿಲ್ಲ" ಅನ್ನುತ್ತದೆ. ಆ ಹುಡುಗಿಗೆ ಬೇಕಿದ್ದದ್ದು ಮೊದಲನೆಯದು. ನಿರೀಕ್ಷೆಯ ಉತ್ತರ ಕೋಡ್‌ನ ಹೊರಗಿನಿಂದ ಬರಬೇಕು. ಪೇಪರ್ ಮೇಲೆ ಕೈಯಲ್ಲಿ ಮಾಡಿದ ಲೆಕ್ಕ, ಕ್ಯಾಲೆಂಡರ್, ಹಳೇ ಬಿಲ್, ಯಾವುದಾದರೂ ಸರಿ. 1900 ಅಧಿಕ ವರ್ಷ ಅಲ್ಲ, 2000 ಹೌದು, 2100 ಅಲ್ಲ. ಇದನ್ನು ಕಂಪ್ಯೂಟರ್ ಮುಟ್ಟುವ ಮೊದಲೇ ಬರೆದು ಕೈಯಲ್ಲಿ ಇಟ್ಟುಕೊಳ್ಳಬೇಕು.

ಬೆಳಗಾವಿ ಬೈಟ್ · ಸೋಮವಾರ ಬೆಳಿಗ್ಗೆ 7:50

ಈಗಿನ ದೊಡ್ಡ ತೊಂದರೆ ಬೇರೆ. ಮಕ್ಕಳು ಎಐ ಹತ್ತಿರ ಕೋಡ್ ಕೇಳುತ್ತಾರೆ, ಟೆಸ್ಟನ್ನೂ ಅದರ ಹತ್ತಿರವೇ ಕೇಳುತ್ತಾರೆ. ನಿಯಮ ತಪ್ಪಾಗಿ ಅರ್ಥವಾಗಿದ್ದರೆ ಎರಡರಲ್ಲೂ ಒಂದೇ ತಪ್ಪು, ಎಲ್ಲಾ ಹಸಿರು. ಅದಕ್ಕೆ ಪೇಪರ್ ಮೇಲಿನ ಪಟ್ಟಿ ಇನ್ನೂ ಜಾಸ್ತಿ ಮುಖ್ಯ. ನಾನು ಪಟ್ಟಿ ನೋಡದೆ ಲ್ಯಾಪ್‌ಟಾಪ್ ತೆಗೆಯಲು ಬಿಡುವುದಿಲ್ಲ.

ಕಲಬುರಗಿ ಕಲಿಕೆ · 8:25

ನಾನು ಕಲಿಯುವವನು, ಹೇಳಬಹುದಾ? ನನಗೆ ಟೆಸ್ಟ್ ಅಂದರೆ ಭಯ ಆಗಿದ್ದು ಎರಡು ಕಾರಣಕ್ಕೆ. ಒಂದು, ಕೆಂಪು ಬಂದಾಗ ಪರದೆ ತುಂಬಾ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದ ನನಗೆ ಅದನ್ನು ನೋಡಿದರೆ ಬೈಸಿಕೊಂಡ ಹಾಗೆ ಅನಿಸುತ್ತಿತ್ತು. ನಮ್ಮ ಸೀನಿಯರ್ ಅಣ್ಣ ಒಬ್ಬರು, "ಎಲ್ಲಾ ಓದಬೇಡ, ಎಡಗಡೆ ಇಂಗ್ಲಿಷ್ ಇ (E) ಅಕ್ಷರ ಇರುವ ಸಾಲು ಮಾತ್ರ ಓದು, ಏನು ಬಂತು, ಏನು ಬರಬೇಕಿತ್ತು ಅಂತ ಅಲ್ಲೇ ಇರುತ್ತದೆ" ಅಂದರು. ಅವತ್ತಿನಿಂದ ಅರ್ಧ ಭಯ ಹೋಯಿತು.

ಎರಡು, ನನ್ನ ಟೆಸ್ಟ್ ಯಾವಾಗಲೂ ಪಾಸ್ ಆಗುತ್ತಿತ್ತು, ಕೋಡ್ ತಪ್ಪಿದ್ದರೂ. ಅಸರ್ಟ್ ಮುಂದೆ ಬ್ರಾಕೆಟ್ ಹಾಕಿ, ಒಳಗೆ ಹೋಲಿಕೆ, ಅಲ್ಪವಿರಾಮ, ಆಮೇಲೆ ಸಂದೇಶ ಬರೆಯುತ್ತಿದ್ದೆ. ಅದು ಫಂಕ್ಷನ್ ಅಂದುಕೊಂಡಿದ್ದೆ.

ನಿದ್ದೆಗೆಟ್ಟವ · 8:40

ಇದನ್ನು ಹೇಳಿದ್ದು ಒಳ್ಳೆಯದಾಯಿತು ತಮ್ಮಾ, ಎಷ್ಟೋ ಜನ ಇಲ್ಲಿ ಬೀಳುತ್ತಾರೆ. ಹಾಗೆ ಬರೆದರೆ ಪೈಥಾನ್‌ಗೆ ಅದು ಎರಡು ಅಂಶದ ಟ್ಯೂಪಲ್ (ಬ್ರಾಕೆಟ್ ಒಳಗಿನ ಜೋಡಿ). ಖಾಲಿ ಅಲ್ಲದ ಟ್ಯೂಪಲ್ ಯಾವಾಗಲೂ ನಿಜ. ಎಚ್ಚರಿಕೆ ಬರುತ್ತದೆ, ಯಾರೂ ಓದುವುದಿಲ್ಲ. ಇನ್ನೊಂದು ಹಳ್ಳ: ಪೈಟೆಸ್ಟ್‌ನಲ್ಲಿ ಫೈಲ್ ಹೆಸರಿನಲ್ಲೂ ಫಂಕ್ಷನ್ ಹೆಸರಿನ ಶುರುವಿನಲ್ಲೂ ಟೆಸ್ಟ್ ಅನ್ನುವ ಪದ ಇರಬೇಕು. ಮರೆತರೆ ಅದು ಆ ಟೆಸ್ಟನ್ನು ನೋಡುವುದೇ ಇಲ್ಲ. ಹತ್ತು ಬರೆದು ಒಂಬತ್ತೇ ಓಡಿದರೂ ಹಸಿರೇ ಕಾಣುತ್ತದೆ.

ಅದಕ್ಕೇ ಕೆಂಪು ಮೊದಲು ನೋಡಬೇಕು ಅನ್ನುವುದು. ಬೀಳುವುದನ್ನು ನೋಡದ ಟೆಸ್ಟ್ ನಂಬಬೇಡಿ. ಟೆಸ್ಟ್ ಕೋಡ್ ಆದಮೇಲೆ ಬರೆದಿದ್ದರೂ ಸರಿ, ಒಂದು ಸಲ ಬೇಕೆಂದೇ ಕೋಡ್ ಕೆಡಿಸಿ ಕೆಂಪಾಗುತ್ತದಾ ನೋಡಿ.

ಕುವೆಂಪು ನಗರ 3ನೇ ಕ್ರಾಸ್ · 9:05

ಕನ್ನಡ ಮಾಧ್ಯಮದ ಮಾತು ಬಂತಲ್ಲಾ. ಪೈಥಾನ್ 3ರಲ್ಲಿ ಫಂಕ್ಷನ್ ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಶುರುವಿನ ಟೆಸ್ಟ್ ಅನ್ನುವ ನಾಲ್ಕು ಇಂಗ್ಲಿಷ್ ಅಕ್ಷರ ಬಿಟ್ಟರೆ ಮಿಕ್ಕದ್ದೆಲ್ಲ ಕನ್ನಡ. "ಇನ್ನೂರು_ಮೀರಿದರೆ_ಪೂರ್ತಿ_ಬಿಲ್" ಅಂತ ಹೆಸರಿಟ್ಟರೆ, ಟೆಸ್ಟ್ ಬಿದ್ದಾಗ ಪರದೆ ಮೇಲೆ ನಿಯಮವೇ ಕನ್ನಡದಲ್ಲಿ ಕಾಣುತ್ತದೆ. ಯಾವ ನಿಯಮ ಮುರಿಯಿತು ಅಂತ ಹುಡುಕಬೇಕಾಗಿಲ್ಲ.

ಸೆಮಿಕೋಲನ್ · 9:12

ಕೆಲಸಕ್ಕೆ ಹೋದ ಮೇಲೆ ಯಾರು ಒಪ್ಪುತ್ತಾರೆ? ಈಗಲೇ ಇಂಗ್ಲಿಷ್ ರೂಢಿ ಆಗಲಿ.

ಕುವೆಂಪು ನಗರ 3ನೇ ಕ್ರಾಸ್ · 9:20

ಕೆಲಸಕ್ಕೆ ಹೋದ ಮೇಲೆ ಇಂಗ್ಲಿಷ್‌ನಲ್ಲಿ ಬರೆಯುತ್ತಾರೆ. ಈಗ ಕಲಿಯಬೇಕಾದದ್ದು ನಿಯಮವನ್ನು ಒಂದು ವಾಕ್ಯದಲ್ಲಿ ಹೇಳುವುದು. ಗೊತ್ತಿರುವ ಭಾಷೆಯಲ್ಲೇ ಅದು ಕಷ್ಟ. ಬಾರದ ಭಾಷೆಯಲ್ಲಿ ಮಗು "ಟೆಸ್ಟ್ 1", "ಟೆಸ್ಟ್ 2" ಅಂತ ಹೆಸರಿಟ್ಟು ಮುಗಿಸುತ್ತದೆ.

ಲ್ಯಾಬ್ ರೆಕಾರ್ಡ್ · 9:31

ನಾನೂ ಮಾಡಿ ನೋಡಿದ್ದೇನೆ, ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ. "ಯೂನಿಟ್‌ಗೆ" ಅಂತ ಬರೆಯುವಾಗ ಟ ಕೆಳಗೆ ಗ ಒತ್ತಾಗದಂತೆ ತಡೆಯಲು ನಾವು ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವಲ್ಲಾ, ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪುವುದಿಲ್ಲ. ಸಿಂಟ್ಯಾಕ್ಸ್ ಎರರ್ ಕೊಡುತ್ತದೆ. ಕಾಣದ ಅಕ್ಷರ ಹುಡುಕುತ್ತಾ ನಮ್ಮ ಲ್ಯಾಬಿನ ಒಂದು ಮಧ್ಯಾಹ್ನ ಹೋಯಿತು. "ಯೂನಿಟ್_ಗೆ" ಅಂತ ಅಡಿಗೆರೆ ಹಾಕಿದರೆ ಆಯಿತು.

ಕುವೆಂಪು ನಗರ 3ನೇ ಕ್ರಾಸ್ · 9:33

ಓಹ್! ನನಗೂ ಒಮ್ಮೆ ಬಂದಿತ್ತು, ಕಾರಣ ಇವತ್ತು ಗೊತ್ತಾಯಿತು. ಧನ್ಯವಾದ ಸರ್.

ಬೆಳಗಾವಿ ಬೈಟ್ · 10:10

ಸ್ವಲ್ಪ ಇತಿಹಾಸ ಹೇಳಿದರೆ ಮಕ್ಕಳಿಗೆ ಆಸಕ್ತಿ ಬರುತ್ತದೆ. ಕೆಂಟ್ ಬೆಕ್ ಅನ್ನುವ ಪ್ರೋಗ್ರಾಮರ್ ಮೊದಲು ಸ್ಮಾಲ್‌ಟಾಕ್ ಭಾಷೆಗೆ ಎಸ್‌ಯೂನಿಟ್ ಅನ್ನುವ ಟೆಸ್ಟ್ ಲೈಬ್ರರಿ ಮಾಡಿದ್ದರು. 1997ರಲ್ಲಿ ಎರಿಕ್ ಗಾಮಾ ಜೊತೆ ಜ್ಯೂರಿಕ್‌ನಿಂದ ಅಟ್ಲಾಂಟಾಗೆ ವಿಮಾನದಲ್ಲಿ ಹೋಗುವಾಗ ಇಬ್ಬರೂ ಪಕ್ಕಪಕ್ಕ ಕೂತು ಜಾವಾಗೆ ಜೆಯೂನಿಟ್ ಬರೆದರು. ಪೈಥಾನ್‌ನ ಯೂನಿಟ್‌ಟೆಸ್ಟ್ ಅದನ್ನೇ ನೋಡಿ ಮಾಡಿದ್ದು, 2001ರಲ್ಲಿ ಪೈಥಾನ್ 2.1ರ ಜೊತೆ ಬಂತು. ಟಿಡಿಡಿ ಹುಟ್ಟಿದ್ದೂ ಬೆಕ್ ಅವರಿಂದಲೇ.

ನಿದ್ದೆಗೆಟ್ಟವ · 10:24

ಕೊನೆಯ ವಾಕ್ಯ ತಿದ್ದಬೇಕು. ಬೆಕ್ ಅವರೇ ತಾನು ಕಂಡುಹಿಡಿಯಲಿಲ್ಲ, ಮತ್ತೆ ಕಂಡುಕೊಂಡೆ ಅಂತ ಹೇಳಿದ್ದಾರೆ. 1960ರ ದಶಕದ ಶುರುವಿನಲ್ಲಿ ನಾಸಾದ ಮರ್ಕ್ಯುರಿ ಯೋಜನೆಯಲ್ಲೇ ಟೆಸ್ಟ್ ಮೊದಲು ಬರೆಯುವ ಕ್ರಮ ಇತ್ತು.

ಸೆಮಿಕೋಲನ್ · 10:50

ಹೊಗಳಿಕೆ ಸಾಕು, ಮಿತಿಯನ್ನೂ ಹೇಳಿಕೊಡಿ. ಜಾವಾದ ಸ್ಟ್ಯಾಂಡರ್ಡ್ ಲೈಬ್ರರಿಯ ಬೈನರಿ ಸರ್ಚ್‌ನಲ್ಲಿ (ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಹುಡುಕುವುದು) ವರ್ಷಗಟ್ಟಲೆ ಒಂದು ತಪ್ಪು ಕೂತಿತ್ತು. ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಅದನ್ನು ಎಲ್ಲರಿಗೂ ತಿಳಿಸಿದರು. ನಡುವಿನ ಜಾಗ ಹುಡುಕಲು ಕೆಳಗಿನದು, ಮೇಲಿನದು ಎರಡನ್ನೂ ಕೂಡಿಸಿ ಅರ್ಧ ಮಾಡುತ್ತಿದ್ದರು. ಆ ಮೊತ್ತ 2147483647 (ಅಲ್ಲಿ ಹಿಡಿಸುವ ಅತಿ ದೊಡ್ಡ ಪೂರ್ಣಾಂಕ) ದಾಟಿದರೆ ಸಂಖ್ಯೆ ಋಣ ಆಗುತ್ತದೆ. ಪಟ್ಟಿಯಲ್ಲಿ ಸುಮಾರು 107 ಕೋಟಿ ಅಂಶ ಇದ್ದರೆ ಮಾತ್ರ ಹೀಗಾಗುತ್ತದೆ, ಅಷ್ಟು ದೊಡ್ಡ ಪಟ್ಟಿ ಕೊಟ್ಟು ಯಾರೂ ನೋಡಿರಲಿಲ್ಲ. ಟೆಸ್ಟ್ ತಪ್ಪು ಇದೆ ಅಂತ ತೋರಿಸಬಹುದು, ಇಲ್ಲ ಅಂತ ತೋರಿಸಲು ಆಗುವುದಿಲ್ಲ. ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ ಇದನ್ನು ಬಹಳ ಹಿಂದೆಯೇ ಹೇಳಿದ್ದರು.

ಹಾಲಿನ ಡೈರಿ · 11:05

ಸರಿ. ಆದರೆ 107 ಕೋಟಿಯ ಚಿಂತೆ ಮಕ್ಕಳಿಗೆ ಆಮೇಲೆ ಬರಲಿ. ಅವರ ತಪ್ಪು 199, 200, 201ರ ನಡುವೆ ಇದೆ.

ತುಂಗಾತೀರ · ಮುಂದಿನ ಭಾನುವಾರ ಮಧ್ಯಾಹ್ನ 2:15

ಎಲ್ಲರಿಗೂ ದೊಡ್ಡ ಧನ್ಯವಾದ. ಇವತ್ತಿನ ಕ್ಲಾಸ್ ಮುಗಿಸಿ ಈಗ ಮನೆಗೆ ಬಂದೆ, ಊಟಕ್ಕೂ ಮೊದಲು ಬರೆಯುತ್ತಿದ್ದೇನೆ.

ಲ್ಯಾಪ್‌ಟಾಪ್ ಮುಚ್ಚಿಸಿದೆ. ಗೃಹಜ್ಯೋತಿ ನಿಯಮ ಬೋರ್ಡ್ ಮೇಲೆ ಬರೆದೆ. ಮೂರು ಮೂರು ಜನ ಸೇರಿ ಪೇಪರ್ ಮೇಲೆ ಪಟ್ಟಿ ಮಾಡಬೇಕು: ಸರಾಸರಿ, ಬಳಕೆ, ಬರಬೇಕಾದ ಬಿಲ್. ಹತ್ತು ನಿಮಿಷ ಅಂದುಕೊಂಡಿದ್ದೆ, ಮುಕ್ಕಾಲು ಗಂಟೆ ಹಿಡಿಯಿತು. ಸರಾಸರಿ 190 ಇರುವ ಮನೆಗೆ 10% ಸೇರಿಸಿದರೆ 209. ಅವರು 205 ಬಳಸಿದರೆ ಉಚಿತವಾ? ಎರಡು ಗುಂಪು ಹೌದು ಅಂದವು. "200ಕ್ಕಿಂತ ಜಾಸ್ತಿ ಕೊಡಲ್ಲ ಅಂತ ಮೇಲೇ ಬರೆದಿದೆಯಲ್ಲಾ" ಅಂತ ಇನ್ನೊಂದು ಗುಂಪು ಎದ್ದು ನಿಂತಿತು. ಕೋಡ್ ಒಂದು ಸಾಲೂ ಇಲ್ಲ, ಕ್ಲಾಸ್ ಮಾತ್ರ ಸಂತೆಯ ಹಾಗಿತ್ತು. ನನಗೆ ಬಹಳ ಖುಷಿಯಾಯಿತು.

ಆಮೇಲೆ ಪಟ್ಟಿಯ ಒಂದೊಂದು ಸಾಲೂ ಒಂದೊಂದು ಟೆಸ್ಟ್. ಹೆಸರು ಕನ್ನಡದಲ್ಲಿ, ಅಡಿಗೆರೆ ಹಾಕಿ. ಎಲ್ಲಾ ಕೆಂಪು. ಫಂಕ್ಷನ್ ಬರೆದು ಒಂದೊಂದಾಗಿ ಹಸಿರು ಮಾಡಿದರು. ಮೂರು ಜನ 200ಕ್ಕೆ "ಕಡಿಮೆ" ಹಾಕಿ ಬಿದ್ದರು, ಅವರೇ ಸರಿ ಮಾಡಿಕೊಂಡರು. ಅದರಲ್ಲಿ ಒಬ್ಬ ಹಿಂದಿನ ಬೆಂಚಿನ ಹುಡುಗ.

ಒಂದು ಕಡೆ ನಾನೂ ಸಿಕ್ಕಿಬಿದ್ದೆ. ಉಚಿತದ ಮಿತಿಗೆ ಬೇರೆ ಫಂಕ್ಷನ್ ಮಾಡಿಸಿದ್ದೆ. ಸರಾಸರಿ 100 ಕೊಟ್ಟರೆ 110 ಬರಬೇಕು ಅಂತ ಟೆಸ್ಟ್. ಕೋಡ್‌ನಲ್ಲಿ 1.1ರಿಂದ ಗುಣಿಸಿದ್ದಾರೆ, ಸರಿಯಾಗಿಯೇ ಇದೆ. ಟೆಸ್ಟ್ ಕೆಂಪು! ಬಂದದ್ದು 110.00000000000001. ಇದನ್ನು ಹೇಗೆ ವಿವರಿಸಲಿ? ಇನ್ನೊಂದು, ಸರಾಸರಿ 53 ಕೊಟ್ಟರೆ 58.3 ಬರುತ್ತದೆ. 58 ಹಿಡಿಯಬೇಕಾ, 59ಆ ಅಂತ ಒಬ್ಬಳು ಕೇಳಿದಳು. ನಿಯಮದಲ್ಲಿ ನಾನು ಬರೆದೇ ಇರಲಿಲ್ಲ.

ನಿದ್ದೆಗೆಟ್ಟವ · 2:31

1.1 ಅನ್ನುವುದನ್ನು ಕಂಪ್ಯೂಟರ್ ಒಳಗೆ ಎರಡರ ಲೆಕ್ಕದಲ್ಲಿ (ಬರೀ 0, 1 ಅಂಕೆ) ನಿಖರವಾಗಿ ಇಡಲು ಆಗುವುದಿಲ್ಲ. ಒಂದನ್ನು ಮೂರರಿಂದ ಭಾಗಿಸಿದರೆ ನಮಗೆ 0.333 ಮುಗಿಯುವುದಿಲ್ಲವಲ್ಲಾ, ಹಾಗೇ. ಒಳಗಿರುವುದು 1.1ಕ್ಕಿಂತ ಒಂದು ಕೂದಲೆಳೆ ಜಾಸ್ತಿ. 100ರಿಂದ ಗುಣಿಸಿದಾಗ ಅದು ಹೊರಗೆ ಕಂಡಿತು. ಪೈಟೆಸ್ಟ್‌ನಲ್ಲಿ ಅಪ್ರಾಕ್ಸ್ ಅಂತ ಇದೆ, ಸುಮಾರಾಗಿ ಸಮ ಇದ್ದರೆ ಸಾಕು ಅನ್ನುತ್ತದೆ.

ಹಾಲಿನ ಡೈರಿ · 2:38

ಬಿಲ್ ಲೆಕ್ಕಕ್ಕೆ ಸುಮಾರು ಬೇಡ ಮೇಡಂ, ದಯವಿಟ್ಟು. ಪೂರ್ಣಾಂಕದಲ್ಲೇ ಮಾಡಿಸಿ.

ಹಳೇ ಕಂಪೈಲರ್ · 2:50

53ರ ಪ್ರಶ್ನೆಗೆ ಉತ್ತರ ಇದೆ. ಹಿಂದಿನ ವರ್ಷದ ಲೆಕ್ಕ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, 10% ಸೇರಿಸಿ, 58 ಯೂನಿಟ್ ಉಚಿತ ಅಂತ 2023ರಲ್ಲಿ ಹೇಳಿದ್ದರು. 58.3 ಅಲ್ಲ, 59 ಅಲ್ಲ. ಅಂದರೆ ಪಾಠದ ಮಟ್ಟಿಗೆ ಚೂರನ್ನು ಬಿಟ್ಟುಬಿಡಿ. 53 ಕೊಟ್ಟರೆ 58 ಅಂತ ಇನ್ನೊಂದು ಟೆಸ್ಟ್ ಸೇರಿಸಿ. ಆಮೇಲೆ ಸರಾಸರಿಯನ್ನು 110ರಿಂದ ಗುಣಿಸಿ, 100ರಿಂದ ಶೇಷ ಬಿಟ್ಟು ಭಾಗಿಸಲಿ.

ತುಂಗಾತೀರ · 3:04

ಊಟ ಬಿಟ್ಟು ಓಡಿಸಿ ನೋಡಿದೆ. 53ಕ್ಕೆ 58, 100ಕ್ಕೆ 110. ಎರಡೂ ಹಸಿರು. ಹೊಸ ಮನೆಯ ವಿಷಯ ನನ್ನ ಪಟ್ಟಿಯಲ್ಲೇ ಇರಲಿಲ್ಲ. ಮುಂದಿನ ವಾರ ಸರಾಸರಿಯ ಜಾಗ ಖಾಲಿ ಬಿಟ್ಟು ಕೊಡುತ್ತೇನೆ, ಯಾರು ಮೊದಲು ಕೇಳುತ್ತಾರೆ ನೋಡೋಣ.

ಕಲಬುರಗಿ ಕಲಿಕೆ · 3:20

ಮೇಡಂ, ಆ ಪಟ್ಟಿ ಇಲ್ಲೇ ಹಾಕುತ್ತೀರಾ? ನಾವು ರೂಮಿನಲ್ಲಿ ನಾಲ್ಕು ಜನ ಇದ್ದೇವೆ, ಇವತ್ತು ಸಂಜೆ ಮಾಡಿ ನೋಡುತ್ತೇವೆ.

ತುಂಗಾತೀರ · 3:26

ಹಾಕುತ್ತೇನೆ. ಆದರೆ ಬಿಲ್‌ನ ಕಾಲಂ ಖಾಲಿ ಬಿಟ್ಟಿರುತ್ತೇನೆ, ಅದನ್ನು ನೀವು ಪೆನ್ನಿನಲ್ಲಿ ತುಂಬಿಸಿ.